ರುಚಿ ನೋಡಿದ ಗೊಜ್ಜು

ಮಾಧಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ನಗರದಂಚಿನ ಕುಷಾಯಿಗೂಡದಾಚೆಯ ದ್ರಾಕ್ಷಿ ತೋಟಗಳು ಒಂದೊಂದಾಗಿ ಪ್ಲಾಟುಗಳಾದವು. ಉಳಿದ ಒಂದನ್ನು ಪ್ರಾಣೇಶ ಹಿಡಿದುಕೊಂಡ. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ತಲೆ ನರೆಸಿಕೊಂಡ ಮನುಷ್ಯ, ಇದ್ದ ಕೆಲಸ ಬಿಟ್ಟು ದ್ರಾಕ್ಷಿ ಹಂದರದ ಕೆಳಗೆ ಊಟದ ಮೇಜು ಹಾಕಿದ, ಪಕ್ಕದಲ್ಲಿ ತಂಗುವವರಿಗೆ ನಾಲ್ಕು ಕೋಣೆ ಕಟ್ಟಿಸಿದ. ನೆಂಟರು ಇವನಿಗೆ ತಲೆ ಕೆಟ್ಟಿದೆ ಎಂದರು. ನೆಂಟರ ಕೆಲಸವೇ ಅದು, ಬಿಡಿ. ಹೆಂಡತಿ ನಲಿನಿ ಮಾತ್ರ ಕೋಣೆಗಳಿಗೆ ಪರದೆ ಹೊಲಿದಳು.

ಅವನಿಗಿದ್ದ ಆಸೆ ಒಂದೇ: ತಾಯಿ ಗೋದಾಬಾಯಿ ತನ್ನ ಕೈಯಡುಗೆ ಉಣ್ಣಬೇಕು. ಕೋಳಿ, ಮೀನು ಮುಟ್ಟಿದ ಕೈ ಎಂದು ಆಕೆ ಮಗನಿಂದ ಒಂದು ಲೋಟ ನೀರೂ ತೆಗೆದುಕೊಂಡವಳಲ್ಲ. ಜಗಳವೇನೂ ಇರಲಿಲ್ಲ. ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿದ್ದವು, ಅಷ್ಟೆ. ಊರಿಗೆಲ್ಲ ಉಣಿಸಿ ಹೆಸರು ಪಡೆದವನಿಗೆ ಹೆತ್ತವಳ ಎಲೆಗೆ ಒಂದು ತುತ್ತು ಬಡಿಸುವ ಯೋಗವಿರಲಿಲ್ಲ. ಅಡುಗೆಯವನಿಗೆ ಇದಕ್ಕಿಂತ ದೊಡ್ಡ ದಾರಿದ್ರ್ಯ ಇನ್ನೇನಿದೆ?

ಊಟದ ಮನೆ ತೆರೆಯುವ ದಿನ ಹತ್ತಿರ ಬಂದಾಗ ಆಕೆಯೇ ಒಂದು ದಾರಿ ತೋರಿಸಿದಳು. ಮಗ ಸ್ನಾನ ಮಾಡಿ, ಮಡಿಯುಟ್ಟು, ಹೊಸ ಒಲೆಯ ಮೇಲೆ ಅಡುಗೆ ಮಾಡಲಿ; ಮೊದಲು ದೇವರಿಗೆ ನೈವೇದ್ಯವಾಗಲಿ. ಆಮೇಲೆ ಅದು ಪ್ರಸಾದ, ಯಾರ ಕೈಯದೆಂದು ಕೇಳುವ ಹಾಗಿಲ್ಲ. ನೈವೇದ್ಯಕ್ಕೆ ಮುಂಚೆ ನಾಲಗೆಗೆ ಹನಿ ತಾಗಿದರೂ ಅಡುಗೆ ಎಂಜಲು ಎಂಬುದನ್ನು ಆಕೆ ಹೇಳಲಿಲ್ಲ. ಅವರ ಮನೆಯಲ್ಲಿ ಅದು ಹೇಳಿಸಿಕೊಳ್ಳುವ ಮಾತೇ ಅಲ್ಲ.

ಆ ದಿನ ಪ್ರಾಣೇಶ ತೋಟದ್ದೇ ಹುಳಿ ದ್ರಾಕ್ಷಿಯ ಗೊಜ್ಜು ಮಾಡಿದ. ಹಂದರದ ಕೆಳಗೆ ಮಾಧಾಪುರದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಆಗಲೇ ಬಂದು ಕೂತಿದ್ದರು. ಗೊಜ್ಜು ಕುದಿಯಿತು, ಬೆಲ್ಲ ಬಿತ್ತು, ಸೌಟು ಎದ್ದಿತು, ಅಂಗೈಗೆ ಒಂದು ಹನಿ, ಅಂಗೈಯಿಂದ ನಾಲಗೆಗೆ. ಹೋಟೆಲಿನಲ್ಲಿ ಪಳಗಿದ ಕೈ ಮನಸ್ಸನ್ನು ಕೇಳಿ ಕೆಲಸ ಮಾಡುವುದಿಲ್ಲ. ಚಪ್ಪರಿಸಿದ ಮೇಲೆಯೇ ಅವನಿಗೆ ತಾನು ಮಾಡಿದ್ದು ತಿಳಿದದ್ದು.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ತಾಯಿ ಉಣ್ಣುತ್ತಿದ್ದಳು. ಆದರೆ ಹೆತ್ತವಳಿಗೆ ಸುಳ್ಳು ಬಡಿಸಲು ಅವನಿಗೆ ಮನಸ್ಸಾಗಲಿಲ್ಲ. ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದ ಆಕೆಯ ಬಳಿ ಹೋಗಿ ನಿಂತ.

“ಅವ್ವಾ, ಗೊಜ್ಜು ಎಂಜಲಾತು. ರೂಢಿ ಮ್ಯಾಲೆ ರುಚಿ ನೋಡಿಬಿಟ್ಟೆ.”

ಗೋದಾಬಾಯಿ ಬತ್ತಿ ಕೆಳಗಿಟ್ಟಳು. ಆಮೇಲೆ ನಲಿನಿಯನ್ನು ಕರೆದು, ದೇವರಿಗೆ ಹಾಲು, ದ್ರಾಕ್ಷಿ ಇಟ್ಟು ಕೈ ಮುಗಿ ಎಂದಳು. ತಾನು ಎದ್ದು ಬಂದು, ಮಗನ ಒಲೆಯ ಮುಂದೆ ಎಲೆ ಹಾಕಿಕೊಂಡು ಕೂತಳು.

“ದೇವರಿಗೆ ನಿನ್ನ ಎಂಜಲು ನಡ್ಯಾಂಗಿಲ್ಲ. ನನಗ ನಡೀತದ. ಸಣ್ಣಾಂವಿದ್ದಾಗ ನೀ ಉಂಡು ಬಿಟ್ಟದ್ದನ್ನ ನಾನೇ ಉಣ್ತಿದ್ದೆ. ಬಡಸು.”

ಪ್ರಾಣೇಶ ಅನ್ನ, ಗೊಜ್ಜು ಬಡಿಸಿದ. ಆಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು, ಬೆಲ್ಲ ಇನ್ನಷ್ಟು ಬೇಕಿತ್ತು ಎಂದಳು. ದೊಡ್ಡ ದೊಡ್ಡ ಸಾಹೇಬರು ಹೊಗಳಿದಾಗಲೂ ಉಬ್ಬದವನಿಗೆ ಈ ಒಂದು ಕೊಂಕಿಗೆ ಕಣ್ಣು ತುಂಬಿ ಬಂತು. ಆಕೆಗೂ, ದೇವರಿಗೂ, ತನ್ನ ಹಾಳು ನಾಲಗೆಗೂ ಮನಸ್ಸಿನಲ್ಲೇ ಕೈ ಮುಗಿದ. ಹೊರಗೆ ಹಸಿದವರು ಊಟ ಎಲ್ಲಿ ಎಂದು ಕೂಗತೊಡಗಿದ್ದರು. ಕಾಯಲಿ ಎಂದುಕೊಂಡು, ತಾಯಿಯ ಎಲೆಗೆ ಮತ್ತೆ ಅನ್ನ ಬಡಿಸಿದ.