ಬೀರಮ್ಮ ತಂದಿದ್ದ ಉದ್ದ ಸೌಟು

ಅತ್ತೆ ಬೀರಮ್ಮನ ತಿಥಿ ಮುಗಿದ ಮಾರನೆಯ ಬೆಳಿಗ್ಗೆ. ನೆಂಟರೆಲ್ಲ ಹೊರಟುಹೋಗಿದ್ದರು. ಅಂಗಳದಲ್ಲಿ ಶಾಮಿಯಾನದ ಕಂಬ ನೆಟ್ಟ ಗುಣಿಗಳಷ್ಟೇ ಉಳಿದಿದ್ದವು. ಕಾವ್ಯಶ್ರೀ ಎಷ್ಟೋ ದಿನದ ಮೇಲೆ ಮನೆಮಂದಿಗೆ ಸಾಕಾಗುವಷ್ಟೇ ಕಾಫಿಗೆ ನೀರಿಟ್ಟಳು. ಲೋಟ ಒಂದು ಹೆಚ್ಚಾಯಿತು. ತೆಗೆದಿಟ್ಟಳು.

ಅಷ್ಟರಲ್ಲಿ ಅವಳ ಮಗಳು ಪುಟ್ಟಿ ಮತ್ತೆ ಬಟ್ಟೆ ಕೊಳೆ ಮಾಡಿಕೊಂಡಳು. ಹದಿನಾಲ್ಕು ತಿಂಗಳ ಕೂಸು. ಕೋಳಿ ಕೂಗಿದಾಗಿನಿಂದ ಇದು ಐದನೆಯ ಸಲ, ಬರೀ ನೀರು.

ಮಾವ ದೊಡ್ಡಬೀರಯ್ಯ ಜಗಲಿಯಿಂದಲೇ ಹೇಳಿದರು. “ಅಲ್ಲು ಬರೋವಾಗ ಇಂಗೇ ಕಣವ್ವ. ನೀರು, ಆಲು ಏನೂ ಕೊಡಬ್ಯಾಡ. ಕೊಟ್ಟಷ್ಟೂ ಓಯ್ತದೆ.”

ಆ ಮನೆಯಿಂದ ಒಂದು ಜೀವ ಹೋಗಿ ಇನ್ನೂ ಹದಿನೈದು ದಿನವಾಗಿರಲಿಲ್ಲ. ಕಾವ್ಯಶ್ರೀ ಒಳಗೆ ಹೋಗಿ ಆಶಾ ಕಾರ್ಯಕರ್ತೆ ಸವಿತಾಗೆ ಫೋನು ಮಾಡಿದಳು.

ಸವಿತಾ ಬಂದವಳೇ ಮೊದಲು ಸೋಪು ಕೇಳಿ ಕೈ ತೊಳೆದಳು. ಕೂಸಿನ ಕಣ್ಣು ನೋಡಿದಳು, ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಚರ್ಮ ತಟ್ಟನೆ ಮೊದಲಿನಂತಾಯಿತು. ಅಳುವಾಗ ಕಣ್ಣೀರೂ ಬರುತ್ತಿತ್ತು. ಮೈಯ ನೀರು ಇನ್ನೂ ಬತ್ತಿಲ್ಲ, ಆದರೆ ಈಗಲೇ ಕುಡಿಸಬೇಕು ಎಂದಳು. ದೊಡ್ಡಬೀರಯ್ಯ ಬೇಡವೆಂದರು.

“ದೊಡ್ಡಪ್ಪ, ಹೊಲದಲ್ಲಿ ಒಗೆಸೊಪ್ಪಿನ ಸಸಿ ಬಾಡಿದ್ರೆ ನೀರು ನಿಲ್ಲಿಸ್ತೀರಾ?” ಎಂದಳು ಸವಿತಾ.

“ಸಸಿ ಭೇದಿ ಮಾಡ್ಕತದಾ?”

“ಮಾಡ್ಕಳಲ್ಲ. ಕೂಸು ಮಾಡ್ಕತದೆ. ಅದ್ಕೇ ಕೂಸಿಗೆ ಇನ್ನೂ ಜಾಸ್ತಿ ಬೇಕು.”

ಮುದುಕರು ಕುಡಿಸುವಂತೆ ಕೈಸನ್ನೆ ಮಾಡಿದರು.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಆರ್‌ಎಸ್ ಪೊಟ್ಟಣ ಪೂರ್ತಿ ಸುರಿದು ಕಲಸಿದರು. ಚಮಚ ಚಮಚವಾಗಿ ಕುಡಿಸಬೇಕು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಬೇಕು, ಎದೆಹಾಲು, ಗಂಜಿ ನಿಲ್ಲಿಸಬಾರದು ಎಂದಳು ಸವಿತಾ. ಸತುವಿನ ಮಾತ್ರೆ ಕೊಟ್ಟು, ಭೇದಿ ನಿಂತರೂ ಹದಿನಾಲ್ಕು ದಿನ ತಪ್ಪಿಸಬಾರದೆಂದಳು.

ಆಮೇಲೆ ಅಡುಗೆಮನೆಯ ಕುಡಿಯುವ ನೀರಿನ ಹಂಡೆ ನೋಡಿದಳು. ಮುಚ್ಚಳವಿರಲಿಲ್ಲ. ಚೊಂಬು ತೇಲುತ್ತಿತ್ತು.

“ನಿಮ್ಮತ್ತೆ ನಮ್ಮನೆಯಿಂದ ಉದ್ದ ಸೌಟು ತಂದಿದ್ರಲ್ಲ, ಎಲ್ಲಿ?”

ಭೇದಿ ಎಲ್ಲಿಂದ ಬಂತೆಂದು ಆಗ ಕಾವ್ಯಶ್ರೀಗೆ ಹೊಳೆಯಿತು. ಮಹಿಳಾ ಸಂಘದ ಸಭೆಯಲ್ಲಿ ಸವಿತಾಳ ಮಾತು ಕೇಳಿ ಬಂದ ಅತ್ತೆ, ಕೂಸು ಕುಡಿಯುವ ನೀರಿಗೆ ಯಾರ ಬೆರಳೂ ತಾಗಬಾರದೆಂದು ಆ ಸೌಟನ್ನು ಹಂಡೆಯ ಮೇಲಿನ ಮೊಳೆಗೆ ತೂಗುಹಾಕಿದ್ದಳು. ತಿಥಿಯ ದಿನ ಅಡುಗೆಯವರು ಅದನ್ನೇ ಸಾರು ಬಡಿಸಲು ಒಯ್ದರು. ಬಂದವರೆಲ್ಲ ಚೊಂಬನ್ನು ಕೈಸಮೇತ ಹಂಡೆಗೆ ಅದ್ದಿದರು. ತಾನೂ, ‘ಕೂಸಿನದು ತಾನೆ’ ಎಂದು, ಪುಟ್ಟಿಯ ಕಕ್ಕವನ್ನು ಹಿತ್ತಲ ನಲ್ಲಿಯ ಪಕ್ಕಕ್ಕೇ ಎಸೆದಿದ್ದಳು. ಅದನ್ನೂ ಸವಿತಾಳ ಮುಂದೆ ಒಪ್ಪಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಚಮಚ ದೊಡ್ಡಬೀರಯ್ಯನವರ ಕೈಗೆ ಬಂದಿತ್ತು. ತೊಡೆಯ ಮೇಲೆ ಕೂತಿದ್ದ ಪುಟ್ಟಿ ಅವರ ಹೊಸ ಪಂಚೆ ತೋಯಿಸಿಬಿಟ್ಟಳು.

“ಉಚ್ಚೆ ಉಯ್ದುಬುಟ್ಳಲ್ಲವ್ವ.”

“ನಾನು ಕಾಯ್ತಿದ್ದದ್ದೇ ಅದಕ್ಕೆ, ದೊಡ್ಡಪ್ಪ. ಮೈಗೆ ನೀರು ಇಡೀತಾ ಅದೆ,” ಎಂದಳು ಸವಿತಾ.

ಅವರು ತುಂಬ ಹೊತ್ತು ಪಂಚೆ ಬದಲಿಸಲಿಲ್ಲ. ಕೂಸು ಅಲ್ಲೇ ನಿದ್ದೆ ಹೋಯಿತು.

ಮೂರನೆಯ ದಿನ ಭೇದಿ ನಿಂತಿತು. ಸಂತೆಯಿಂದ ಮುದುಕರೇ ಹೊಸ ಸೌಟು, ಹಂಡೆಗೆ ಮುಚ್ಚಳ ತಂದರು.

ತಾಯಂದಿರೇ, ಅಜ್ಜ ಅಜ್ಜಿಯರೇ, ಕೂಸಿಗೆ ಭೇದಿಯಾದರೆ ನೀರು, ಎದೆಹಾಲು ನಿಲ್ಲಿಸಬೇಡಿ. ಒಆರ್‌ಎಸ್ ಕುಡಿಸಿ. ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ, ಕೂಸು ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಕೂಸಿನ ಮಲವನ್ನೂ ಕಕ್ಕಸಿಗೇ ಹಾಕಿ, ಸೋಪಿನಿಂದ ಕೈ ತೊಳೆಯಿರಿ. ಇವತ್ತೇ ಎದ್ದು ನಿಮ್ಮ ಮನೆಯ ಹಂಡೆ ಒಮ್ಮೆ ನೋಡಿ. ಅದಕ್ಕೆ ಮುಚ್ಚಳವಿದೆಯೇ?

ಮುದುಕರು ಹೊಸ ಸೌಟು ತಂದ ಸಂಜೆಯೇ ಕಾವ್ಯಶ್ರೀ, ತಿಥಿಯ ಪಾತ್ರೆಗಳ ನಡುವೆ ಸಿಕ್ಕಿದ ಹಳೆಯ ಸೌಟನ್ನು ಬೆಳಗಿ, ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಸವಿತಾಳ ಮನೆಗೆ ಹೋದಳು.

“ಸಂತೆ ದಿನ ವಾಪಸ್ ಕೊಡ್ತೀನಿ ಅಂದಿದ್ರು ನಿಮ್ಮತ್ತೆ,” ಎಂದಳು ಸವಿತಾ.

“ಇವತ್ತು ಸಂತೇನೇ ಕಣಕ್ಕ,” ಎಂದು ಕಾವ್ಯಶ್ರೀ ಸೌಟನ್ನು ಅವಳ ಕೈಗಿತ್ತಳು.