ಲೆಕ್ಕಕ್ಕೆ ಸಿಗದ ಬಣವೆ

ಕಾಲಾಖೇತಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಧೌಲಿ ಅತ್ತಿಗೆ ಮಜ್ಜಿಗೆ ಕಡೆಯುವ ಸದ್ದಿನಿಂದ. ಅಣ್ಣ ಗಡಿಯಾಚೆ ದೆಹಲಿಯಲ್ಲಿ ಕಾವಲುಗಾರ, ವರ್ಷಕ್ಕೊಮ್ಮೆ ದಸರೆಗೆ ಬರುವವನು. ಮನೆ, ಎಮ್ಮೆ, ರಾಗಿ ಹೊಲ, ಐದು ವರ್ಷದ ಮಗಳು ರೂಪ್ಸಾ, ಎಂಬತ್ತರ ಹತ್ತಿರದ ನನ್ನ ಅಜ್ಜಿ, ಎಲ್ಲವೂ ಅತ್ತಿಗೆಯ ಹೆಗಲ ಮೇಲೆ. ಕಡೆಗೋಲಿನ ಹಗ್ಗ ಎಳೆಯುತ್ತಲೇ ಅವಳು ನಗಿಸುತ್ತಿದ್ದಳು. ತಿಂಗಳಿಗೆ ಐದು ದಿನ ಮಾತ್ರ ಆ ಸದ್ದು ಕೇಳುತ್ತಿರಲಿಲ್ಲ. ಆಗ ಅವಳು ಊರಾಚೆಯ ಛೌ ಗುಡಿಸಲಿನಲ್ಲಿರುತ್ತಿದ್ದಳು. ಮುಟ್ಟಾದ ಹೆಂಗಸು ಮನೆಯೊಳಗಿದ್ದರೆ ಎಮ್ಮೆಯ ಹಾಲು ಬತ್ತುತ್ತದೆ, ಗುಡ್ಡದ ದೇವರು ಮುನಿದು ಅಂಗಳಕ್ಕೆ ಹುಲಿ ಕಳಿಸುತ್ತಾನೆ. ಇದನ್ನು ನನಗೆ ಹೇಳಿಕೊಟ್ಟವಳು ಅಜ್ಜಿ.

ಅಜ್ಜಿಯ ಕಥೆಗಳನ್ನು ಉಂಡೇ ನಾನು ಬೆಳೆದದ್ದು. ಅವಳ ಒಂದು ಕಥೆಯಲ್ಲಿ, ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳು ರಾಜನ ಆಸ್ಥಾನಕ್ಕೆ ಹೋಗಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾಳೆ. ಮೊದಲ ಸಲ ಆಸ್ಥಾನ ನಗುತ್ತದೆ. ಎರಡನೆಯ ಸಲ ರಾಜ ಮುಖ ತಿರುಗಿಸುತ್ತಾನೆ. ಮೂರನೆಯ ಸಲ ಅವನು ಕೂತ ಸಿಂಹಾಸನವೇ ಬಿರಿಯುತ್ತದೆ. ಅಪ್ಪನ ತಂಗಿ ಪನ್ಸರಾ ಅತ್ತೆ ವಿರೋಧ ಪಕ್ಷದಿಂದ ಸಂಸತ್ತಿಗೆ ಹೋದಾಗ, ಅವಳ ಪ್ರಶ್ನೆಗಳನ್ನು ಬರೆದುಕೊಡಲು ನಾನೂ ಕಾಠ್ಮಂಡುವಿಗೆ ಹೋದೆ. ಸದನದ ಮೇಲಂತಸ್ತಿನಲ್ಲಿ ಮೊದಲ ದಿನ ಕೂತಾಗ ನಾನು ನೋಡಿದ್ದು ಮಂತ್ರಿಗಳನ್ನಲ್ಲ, ಅವರ ಕುರ್ಚಿಗಳನ್ನು. ಎಲ್ಲಿ ಬಿರುಕು ಬಿಡಬಹುದು ಎಂದು.

ಆ ವರ್ಷ ಛೌ ಗುಡಿಸಲುಗಳನ್ನು ಕೆಡವಲು ಸರ್ಕಾರ ಹೊರಟಿತ್ತು. ನಮ್ಮೂರಿಗೂ ಪೊಲೀಸರು ಬಂದು, ಕಲ್ಲುಗೋಡೆ ಉರುಳಿಸಿ, ಮುಂದೆ ನಿಂತು ಫೋಟೋ ತೆಗೆಸಿಕೊಂಡರು. 'ಛೌ ಮುಕ್ತ ಗ್ರಾಮ' ಎಂಬ ಹಲಗೆಯೂ ನಿಂತಿತು. ಸರ್ಕಾರದವರು ನನ್ನ ಅರಮನೆ ಕೆಡವಿಬಿಟ್ಟರು ಎಂದು ಅತ್ತಿಗೆ ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ಇನ್ನು ಅವಳು ಒಳಗೆ ಮಲಗುತ್ತಾಳೆ ಎಂದು ನಂಬಿದೆ.

ಆ ದಸರೆಗೆ ಅಣ್ಣನಿಗೆ ರಜೆ ಸಿಗಲಿಲ್ಲ. ಅತ್ತೆಯೊಂದಿಗೆ ನಾನು ಊರಿಗೆ ಹೋದಾಗ ಹೊಲದಂಚಿನಲ್ಲಿ ಹೊಸದೊಂದು ಹುಲ್ಲಿನ ಬಣವೆ ಕಂಡಿತು. ರೂಪ್ಸಾ ನನ್ನ ಕೈ ಹಿಡಿದೆಳೆದು, ಅಮ್ಮನ ಮನೆ ತೋರಿಸುತ್ತೇನೆ ಬಾ ಎಂದಳು. ಹುಲ್ಲು ಸರಿಸಿದರೆ ಮೊಣಕಾಲೆತ್ತರದ ಕಿಂಡಿ. ಕೆಡವಿದ ಗುಡಿಸಲಿನ ಕಲ್ಲುಗಳನ್ನೇ ಹೊತ್ತು ತಂದು, ಹಿಂದಿನದರ ಅರ್ಧದಷ್ಟು ಗೂಡು ಕಟ್ಟಿ, ಮೇಲೆ ಹುಲ್ಲು ಹೊದಿಸಿದ್ದರು. ಹಳೆಯದಕ್ಕೆ ಅಂಗೈಯಗಲದ ಕಿಟಕಿಯಾದರೂ ಇತ್ತು. ರಸ್ತೆಯಿಂದ ಕಂಡೀತೆಂದು ಇದಕ್ಕೆ ಅದೂ ಇರಲಿಲ್ಲ.

ಊರಲ್ಲಿ ಅಂಥವು ಒಂದಲ್ಲ. ಆ ವರ್ಷ ಕಾಲಾಖೇತಿನಲ್ಲಿ ಎಮ್ಮೆಗಳಿಗಿಂತ ಬಣವೆಗಳೇ ಹೆಚ್ಚಾಗಿದ್ದವು.

ಅತ್ತೆ ಒಲೆಯ ಮುಂದೆ ಕೂತು ಅಜ್ಜಿಯನ್ನು ಕೇಳಿದಳು. ಅಜ್ಜಿ ರೊಟ್ಟಿ ತಿರುವಿಹಾಕುತ್ತ, ತಾನೇ ಮುಂದೆ ನಿಂತು ಕಟ್ಟಿಸಿದ್ದೆಂದು ಮುಚ್ಚುಮರೆಯಿಲ್ಲದೆ ಹೇಳಿದಳು.

"ನೀನು ಓದಿದೋಳು, ಪನ್ಸರಾ. ನಿನ್ನ ದೇವರು ಕಾಠ್ಮಂಡುವಲ್ಲಿದ್ದಾನೆ. ನನ್ನ ದೇವರು ಇಲ್ಲೇ ಗುಡ್ಡದ ಮೇಲೆ ಕೂತು ಎಲ್ಲಾ ನೋಡ್ತಾನೆ."

"ಎಲ್ಲಾ ನೋಡೋ ದೇವರಿಂದ ಬಣವೆ ಒಳಗೆ ಮುಚ್ಚಿಡೋಕಾಗುತ್ತಾ, ಅಮ್ಮಾ?"

"ಬಣವೆ ಕಟ್ಟಿದ್ದು ದೇವರಿಗಲ್ಲ ಕಣೇ, ಪೊಲೀಸಿಗೆ."

ಅತ್ತಿಗೆ ಮುಸಿಮುಸಿ ನಕ್ಕಳು. ಅತ್ತೆ ಬಿಡಲಿಲ್ಲ. ಮುಟ್ಟು ನಿಂತುಹೋದ ನೀನೂ ನಾನೂ ಎಷ್ಟು ಶುದ್ಧವೋ ಧೌಲಿಯೂ ಅಷ್ಟೇ ಶುದ್ಧ; ಆ ರಕ್ತವಿಲ್ಲದೆ ನಾವ್ಯಾರೂ ಹುಟ್ಟುತ್ತಿರಲಿಲ್ಲ; ಕಾಠ್ಮಂಡುವಿನಲ್ಲಿ ನಿನ್ನ ಮೊಮ್ಮಗಳು ಎಲ್ಲ ದಿನವೂ ಒಳಗೇ ಮಲಗುತ್ತಾಳೆ, ಯಾವ ಹುಲಿಯೂ ಬಂದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಆ ಊರಲ್ಲಿ ಕಾಡೇ ಇಲ್ಲವಲ್ಲ, ಹುಲಿ ಎಲ್ಲಿಂದ ಬರಬೇಕು ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿ, ತನ್ನ ಎರಡನೆಯ ಮಗ ಸತ್ತದ್ದು ಯಾಕೆಂದು ಗೊತ್ತೇ ಎಂದು ಕೇಳಿದಳು. ಹತ್ತೊಂಬತ್ತರ ವಯಸ್ಸಿನಲ್ಲಿ, ಹಿಮ ಬೀಳುತ್ತಿದ್ದ ಒಂದು ದಿನ ಅವಳು ಹೊರಗೆ ಹೋಗದೆ ಮೂಲೆಯಲ್ಲಿ ಮುದುರಿಕೊಂಡಿದ್ದಳಂತೆ. ಎಂಟು ದಿನಕ್ಕೆ ಕೂಸಿಗೆ ಜ್ವರ ಬಂತಂತೆ. ಅರವತ್ತು ವರ್ಷ ಆ ಮುದುಕಿ ತನ್ನ ಮಗುವನ್ನು ತಾನೇ ಕೊಂದೆನೆಂದು ನಂಬಿ ಬದುಕಿದ್ದಳು.

ಹೊರಡುವ ಹಿಂದಿನ ದಿನ ನಾನು ಬಣವೆಯ ಹುಲ್ಲಿಗೆ ಕೈ ಹಾಕಿದ್ದೆ, ಕೆಡವಿಬಿಡೋಣವೆಂದು. ಅತ್ತೆ ತಡೆದಳು.

"ಇದನ್ನ ಕೆಡವಿದ್ರೆ ನಾಳೆ ಇನ್ನೊಂದು ಎಬ್ಬಿಸ್ತಾರೆ. ಬಿಡು. ಸದನದಲ್ಲಿ ಕೇಳ್ತೀನಿ, ಮಂತ್ರಿಗಳೇ ಬಂದು ಉತ್ತರ ಕೊಡಲಿ."

ನಾನು ಕೈ ತೆಗೆದೆ. ಅಜ್ಜಿಯ ಕಥೆಯ ಸಿಂಹಾಸನ ನನ್ನ ಕಣ್ಣ ಮುಂದಿತ್ತು. ಓದುವ ಅಕ್ಕಂದಿರೇ, ಒಂದು ತೆಕ್ಕೆ ಹುಲ್ಲು ಎಳೆಯುವ ಕೆಲಸವನ್ನು ನಾವು ಮುನ್ನೂರು ಮೈಲಿಯಾಚೆಯ ಸಭೆಯೊಂದಕ್ಕೆ ಬಿಟ್ಟುಬಂದೆವು.

ಸದನದ ಶೂನ್ಯ ವೇಳೆಯಲ್ಲಿ ಮಾತಾಡಲು ಬೆಳಿಗ್ಗೆಯೇ ಹೋಗಿ ಹೆಸರು ಬರೆಸಬೇಕು. ಸಿಗುವುದು ಒಂದು ನಿಮಿಷ. ನಿಮಿಷ ಮುಗಿದರೆ ಮೈಕು ತಾನಾಗಿ ಸಾಯುತ್ತದೆ. ಅತ್ತೆಯ ಸರದಿ ಬಂದಾಗ ಮಹಿಳಾ ಖಾತೆಯ ಮಂತ್ರಿ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನಮ್ಮ ಜಿಲ್ಲೆಯ ಗುಡಿಸಲುಗಳ ಸಂಖ್ಯೆ ಸೊನ್ನೆ ಎಂದು ಅವರ ಇಲಾಖೆ ಲಿಖಿತ ಉತ್ತರ ಕೊಟ್ಟಿತ್ತು. ಅತ್ತೆ ಆ ಕಾಗದ ಎತ್ತಿ ಹಿಡಿದಳು.

"ಮಾನ್ಯ ಮಂತ್ರಿಗಳು ಗುಡಿಸಲು ಎಣಿಸಿದ್ದಾರೆ. ಹುಲ್ಲಿನ ಬಣವೆ ಎಣಿಸಿದ್ದಾರಾ? ನಮ್ಮೂರಲ್ಲಿ ಹೆಂಗಸರು ಈಗ ಬಣವೆ ಒಳಗೆ ಮಲಗ್ತಿದ್ದಾರೆ. ಚಳಿಗಾಲ ಬಂತು. ಅವರನ್ನ ಮನೆಯೊಳಗೆ ಕರ್ಕೊಂಡು ಬರೋಕೆ ನಿಮ್ಮ ಹತ್ರ ಏನು ಯೋಜನೆ ಇದೆ?"

ಮಂತ್ರಿ ಎದ್ದರು. ಒಳ್ಳೆಯ ಮಾತುಗಾರರು.

"ಬಣವೆ ಲೆಕ್ಕ ನನ್ನ ಖಾತೆಗೆ ಬರಲ್ಲ ತಾಯಿ, ಕೃಷಿ ಮಂತ್ರಿಗಳು ಇಲ್ಲೇ ಕೂತಿದ್ದಾರೆ, ಅವರನ್ನ ಕೇಳಿ."

ಸದನ ನಕ್ಕಿತು. ನಮ್ಮ ಪಕ್ಷದವರೂ ನಕ್ಕರು. ಅತ್ತೆ ಮತ್ತೇನೋ ಹೇಳುತ್ತಿದ್ದಳು, ತುಟಿ ಆಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ನಿಮಿಷ ಮುಗಿದಿತ್ತು. ಮೊದಲ ಸಲ ಆಸ್ಥಾನ ನಗುತ್ತದೆ ಎಂದು ನಾನು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡೆ.

ಮರುವಾರ ಮತ್ತೆ ಹೆಸರು ಬರೆಸಿದೆವು. ಆದರೆ ಅಷ್ಟರಲ್ಲಿ ನಮ್ಮ ಪಕ್ಷದ ಹಿರಿಯರು ಬೇರೆ ಯಾವುದೋ ನೇಮಕಾತಿಯ ಜಗಳಕ್ಕೆ ಸದನ ನಡೆಯಬಿಡಬಾರದೆಂದು ತೀರ್ಮಾನಿಸಿದ್ದರು. ಅತ್ತೆ ಬೇಡಿಕೊಂಡಳು, ತನಗೊಂದು ನಿಮಿಷ ಕೊಡಿ ಎಂದು. ಹಿರಿಯರೊಬ್ಬರು, ನಿಮ್ಮ ಬಣವೆ ಎಲ್ಲಿಗೂ ಓಡಿಹೋಗುವುದಿಲ್ಲ ಬಿಡಿ ಎಂದರಂತೆ. ದಿನವೂ ಅವರು ಎದ್ದು ಕೂಗಿದರು, ಅತ್ತೆಯೂ ಅವರೊಂದಿಗೆ ಎದ್ದು ನಿಲ್ಲಬೇಕಾಯಿತು. ದಿನವೂ ಸಭೆ ಮುಂದಕ್ಕೆ ಹೋಯಿತು. ಹೀಗೆ ಇಪ್ಪತ್ತಮೂರು ದಿನ.

ಇಪ್ಪತ್ತನಾಲ್ಕನೆಯ ಬೆಳಿಗ್ಗೆ ಊರಿಂದ ಫೋನು ಬಂತು. ಹಿಮ ಬಿದ್ದಿತ್ತು. ಧೌಲಿ ಅತ್ತಿಗೆ ಗೂಡಿನೊಳಗೆ ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ್ದಳು. ಹೊಗೆ ಹೋಗಲು ದಾರಿಯಿರಲಿಲ್ಲ. ಮಜ್ಜಿಗೆಯ ಸದ್ದಿಲ್ಲದ ಐದನೆಯ ದಿನವದು. ಅಂದು ಸ್ನಾನ ಮಾಡಿ ಒಳಗೆ ಬರಬೇಕಿತ್ತು. ಬಿಸಿನೀರಿನ ತಂಬಿಗೆ ಹಿಡಿದು ಕರೆಯಲು ಹೋದವಳು ರೂಪ್ಸಾ.

ಸದನ ಮತ್ತೆ ಸೇರಿದ ದಿನ ಅತ್ತೆಗೆ ಒಂದು ನಿಮಿಷ ಸಿಕ್ಕಿತು. ಮಂತ್ರಿ ಮೊದಲೇ ಹೇಳಿಕೆ ಓದಿದ್ದರು: ಮೃತಳು ಚಳಿಗೆ ಹುಲ್ಲಿನ ಬಣವೆಯೊಳಗೆ ಆಶ್ರಯ ಪಡೆದಿದ್ದಳು, ಇದು ಆಕಸ್ಮಿಕ, ಜಿಲ್ಲೆಯಲ್ಲಿ ಗುಡಿಸಲುಗಳ ಸಂಖ್ಯೆ ಸೊನ್ನೆಯೇ ಇದೆ. ಅತ್ತೆ ನಿಧಾನವಾಗಿ ಎದ್ದಳು. ಕಾಗದ ಹಿಡಿದಿರಲಿಲ್ಲ.

"ಸತ್ತವಳು ನನ್ನ ಅಣ್ಣನ ಸೊಸೆ. ಆ ಬಣವೆ ಕಟ್ಟಿಸಿದವಳು ನನ್ನ ಹೆತ್ತ ತಾಯಿ. ನೋಡಿಯೂ ಕೆಡವದೆ ಬಂದವಳು ನಾನು. ಇಷ್ಟನ್ನೂ ದಾಖಲೆಗೆ ಬರೀರಿ. ಬರೆದಾದ ಮೇಲೆ ನಿಮ್ಮ ಪಟ್ಟಿಯಲ್ಲಿರೋ ಸೊನ್ನೆ ಹೊಡೆದುಹಾಕ್ತೀರಾ, ಮಂತ್ರಿಗಳೇ?"

ಈ ಸಲ ಯಾರೂ ನಗಲಿಲ್ಲ. ಮಂತ್ರಿ ಅತ್ತೆಯ ಮುಖ ನೋಡದೆ, ಈ ವಿಷಯ ಗಮನಕ್ಕೆ ಬಂದಿದೆ, ಮುಂದೆ ತಿಳಿಸುತ್ತೇವೆ ಎಂದರು. ಮುಂದಿನವರ ಹೆಸರು ಕರೆದರು. ಅವರು ಸೇತುವೆಯೊಂದರ ಬಗ್ಗೆ ಕೇಳಿದರು. ನಾನು ಆ ಕುರ್ಚಿಯನ್ನೇ ನೋಡುತ್ತಿದ್ದೆ. ಒಳ್ಳೆಯ ಮರದ್ದು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಕ್ರಿಯೆ ಮುಗಿಸಿ ಅಣ್ಣ ದೆಹಲಿಗೆ ಮರಳಿದ್ದ; ನಾನು ಊರಿಗೆ ಬಂದೆ, ರೂಪ್ಸಾಳನ್ನು ನೋಡಿಕೊಳ್ಳಲು. ಅಜ್ಜಿ ಕುಗ್ಗಿ ಹೋಗಿದ್ದಳು. ಮಗುವಿಗೆ ಕಥೆ ಹೇಳುವುದನ್ನೂ ಬಿಟ್ಟಿದ್ದಳು. ಬಣವೆಯನ್ನು ಪೊಲೀಸರು ಬಂದು ಬಿಚ್ಚಿ, ಮತ್ತೆ ಫೋಟೋ ತೆಗೆಸಿಕೊಂಡು ಹೋಗಿದ್ದರು. ಪಕ್ಕದ ಮನೆಗಳ ಬಣವೆಗಳು ಹಾಗೆಯೇ ನಿಂತಿದ್ದವು.

ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಮುಟ್ಟಾದೆ. ಅಜ್ಜಿಗೆ ಹೇಳಿದೆ. ಅವಳು ತಲೆಯೆತ್ತದೆ, ಕೆಳಗಿನ ಮನೆಯವರ ಗೂಡು ಖಾಲಿಯಿದೆ, ಕಂಬಳಿ ಎರಡು ತಗೊಂಡು ಹೋಗು ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತಿಗೆಯ ಕಡೆಗೋಲು ತೆಗೆದು, ಮೊಸರಿನ ಗಡಿಗೆಯ ಮುಂದೆ ಕೂತೆ. ಇಪ್ಪತ್ತೆರಡು ವರ್ಷ ಕೇಳಿದ ಕಥೆ ಒಂದು ಬೆಳಗಿಗೆ ಮೈಯಿಂದ ಇಳಿದುಹೋಗುವುದಿಲ್ಲ. ಆದರೂ ಹಗ್ಗ ಎಳೆದೆ. ಸದ್ದು ಕೇಳಿ ಅಜ್ಜಿ ಬಾಗಿಲಿಗೆ ಬಂದಳು.

"ನೀನು ಹೋಗಲ್ವಾ?"

"ಇಲ್ಲ ಅಜ್ಜಿ. ನಾನೂ ಹೋಗಲ್ಲ, ನಾಳೆ ರೂಪ್ಸಾನೂ ಹೋಗಲ್ಲ."

ಅವಳು ಬೈಯಲಿಲ್ಲ, ಅಳಲಿಲ್ಲ. ತನ್ನ ಕಂಬಳಿ ಸುತ್ತಿಕೊಂಡು ಮೆಲ್ಲಗೆ ಅಂಗಳ ದಾಟಿ, ಎಮ್ಮೆಯ ಕೊಟ್ಟಿಗೆಯ ಗೋಡೆಗೆ ಒರಗಿ, ಬಿಸಿಲಿಲ್ಲದ ಕಡೆ ಕೂತಳು. ಒಳಗೆ ಬಾ ಎಂದು ನಾನು ಮೂರು ಸಲ ಕರೆದೆ. ಮುಟ್ಟಿ ಎಬ್ಬಿಸಲು ಹೋದರೆ ಹೆದರಿದ ಹಕ್ಕಿಯಂತೆ ಹಿಂದೆ ಸರಿದಳು. ನಾನು ಕೊಟ್ಟ ಮಜ್ಜಿಗೆ ಅವಳ ಪಕ್ಕದಲ್ಲೇ ಹಾಗೆಯೇ ಕೂತಿತು. ಅವಳನ್ನು ಹೊರಗೆ ಬಿಟ್ಟು ಒಳಗಿರುವುದು ಎಷ್ಟು ಕಷ್ಟವೆಂದು ನನಗೆ ಆ ದಿನ ತಿಳಿಯಿತು.

ರೂಪ್ಸಾ ಹೊಸ್ತಿಲ ಮೇಲೆ ಕೂತಿದ್ದಳು, ಕಣ್ಣು ಕಾಡಿನ ಕಡೆ. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು. ಎಮ್ಮೆಯ ಕೆಚ್ಚಲಿಗೆ ನಾನೇ ಕೈ ಹಾಕಿ ಕರೆದೆ. ಅದು ದಿನದಷ್ಟೇ ಹಾಲು ಕೊಟ್ಟಿತು. ಮಗು ಎದ್ದು ಹೋಗಿ ಅಜ್ಜಿಯ ಎದುರು ನಿಂತಳು.

"ಮುತ್ತಜ್ಜಿ, ಹುಲಿ ಬರ್ಲೇ ಇಲ್ಲ."

ಅಜ್ಜಿ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಹಾಗಾದ್ರೆ ಅಮ್ಮನ್ನ ಯಾಕೆ ಹೊರಗೆ ಕಳಿಸಿದ್ದು?"

ಲೋಕದ ಎಲ್ಲ ಕಥೆಗಳ ಕೊನೆ ಬಲ್ಲ ಆ ಮುದುಕಿ, "ನಾಳೆ ಹೇಳ್ತೀನಿ ಮಗಾ, ಈಗ ಒಳಗೆ ಹೋಗು," ಎಂದಳು.

"ಈಗ್ಲೇ ಹೇಳು," ಎಂದು ರೂಪ್ಸಾ ಅವಳ ಎದುರೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.