ಕಂಪ್ಯೂಟರ್ ಆರುವ ತನಕ

ಗ್ರಂಥಾಲಯದ ಆ ಕಂಪ್ಯೂಟರಿಗೆ ಆನ್ ಆಗಲು ಅರ್ಧ ನಿಮಿಷ ಸಾಕು, ಆಫ್ ಆಗಲು ಹತ್ತು ನಿಮಿಷ ಬೇಕು. ಶಟ್‌ಡೌನ್ ಒತ್ತಿದರೆ ಪರದೆ ಕಪ್ಪಾಗುತ್ತದೆ, ಯಾವುದೋ ಒಂದು ಕೆಲಸ ಇನ್ನೂ ನಿಂತಿಲ್ಲ ಎಂಬ ಸಾಲು ಮೂಡುತ್ತದೆ, ಪಕ್ಕದಲ್ಲಿ ಸೆಕೆಂಡುಗಳು ಓಡುತ್ತವೆ. ಹೊರಟ ನೆಂಟರು ಹೊಸಿಲ ಮೇಲೆ ನಿಂತು ಮತ್ತೊಂದು ಸುತ್ತು ಮಾತು ತೆಗೆದ ಹಾಗೆ. ಮೂರು ವಾರದಿಂದ ದಿನವೂ ಇದೇ ಗೋಳು. ಎಲ್ಲರೂ ಕ್ಯಾಟಲಾಗ್ ಅಕ್ಕ ಎಂದು ಕರೆಯುವ ಗುಮಾಸ್ತೆಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಪ್ಲಗ್ ಕಿತ್ತು ಹೊರಡೋಣವೆಂದರೆ ಹಾಗಿಲ್ಲ. ಹಿಂದೆ ಯಾರೋ ಪುಣ್ಯಾತ್ಮರು ಹಾಗೆ ಮಾಡಿ, ಮೂರು ತಿಂಗಳ ದಾಖಲೆ ಮಣ್ಣುಪಾಲಾಗಿತ್ತು. ಆಗ ಬಂದ ಮೆಕ್ಯಾನಿಕ್, ಯಾವ ಪ್ರೋಗ್ರಾಮನ್ನೂ ಅರ್ಧಕ್ಕೆ ನಿಲ್ಲಿಸಬಾರದೆಂದು, ಕಾಯುವ ಗಡುವನ್ನು ಒಂದೂವರೆ ನಿಮಿಷದಿಂದ ಹತ್ತಕ್ಕೆ ಏರಿಸಿ ಕೈ ತೊಳೆದುಕೊಂಡಿದ್ದ. ಅಂದಿನಿಂದ ಕಂಪ್ಯೂಟರ್ ಪೂರ್ತಿ ಆರುವ ತನಕ ಮೇನ್ ಸ್ವಿಚ್ ಮುಟ್ಟುವಂತಿಲ್ಲ, ಬೀಗ ಹಾಕುವಂತಿಲ್ಲ.

ಐದೂವರೆಗೆ ಗ್ರಂಥಾಲಯ ಮುಚ್ಚಿದರೆ ಐದು ನಲವತ್ತಕ್ಕೆ ಬಸ್. ಅದು ಸ್ವಲ್ಪ ತಡವಾಗಿ ಬಂದ ದಿನ ಅವಳು ಬಚಾವು. ಸರಿಯಾದ ಹೊತ್ತಿಗೆ ಬಂತೋ, ಆರಕ್ಕೆ ಮುಚ್ಚುವ ಶಿಶುವಿಹಾರದ ಬಾಗಿಲಲ್ಲಿ ಎರಡು ವರ್ಷದ ಮಗಳು ಚೀಲ ಹಿಡಿದು ಕಾಯುತ್ತಿರುತ್ತಾಳೆ. ನೌಕರರ ಮಕ್ಕಳಿಗೆಂದು ಇಲಾಖೆಯೇ ನಡೆಸುವ ಶಿಶುವಿಹಾರ. ತಕ್ಕ ಕಾರಣವಿಲ್ಲದೆ ತಿಂಗಳಲ್ಲಿ ಮೂರು ಸಲ ತಡವಾದರೆ ಮಗುವಿನ ಜಾಗ ಬೇರೆಯವರಿಗೆ. ಹೇಳಿದ ಕಾರಣ ರಿಜಿಸ್ಟರಿನಲ್ಲಿ ಸೇರಿ ಇಲಾಖೆಯ ದೊಡ್ಡ ಕಚೇರಿಗೆ ಹೋಗುತ್ತದೆ. ಈ ತಿಂಗಳು ಆಗಲೇ ಎರಡು ಸಲ ಅವಳು 'ಕಂಪ್ಯೂಟರ್ ಆಫ್ ಆಗಲಿಲ್ಲ' ಎಂದು ಬರೆಸಿದ್ದಳು. ಅಲ್ಲಿನ ಮೇಡಂ ನಕ್ಕಿದ್ದರು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಆ ಜಾಗ ಹೋದರೆ ಈ ಕೆಲಸವೂ ಹೋದ ಹಾಗೆ.

"ಅದು ಆರೋದನ್ನ ನೀವೇ ನೋಡ್ಕೊಂಡು ಬೀಗ ಹಾಕಿಬಿಡಿ ಸಾರ್, ನಾನು ಓಡ್ತೀನಿ" ಎಂದು ಗ್ರಂಥಪಾಲಕರನ್ನು ಕೇಳಿದ್ದೂ ಆಗಿತ್ತು.

"ನೋಡೋದು ನಿನ್ನ ಕೆಲಸಮ್ಮ" ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ನಿವೃತ್ತಿಗೆ ಒಂದೇ ವರ್ಷವಿರುವ ಮನುಷ್ಯನಿಗೆ ಇಷ್ಟು ಜಂಬವೇ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು.

ಇವತ್ತು ಬಿಡುವುದಿಲ್ಲ ಎಂದುಕೊಂಡು ಐದಕ್ಕೇ ಕಾರಣ ಹುಡುಕಲು ಕೂತಳು. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ಒಂದು ಒಳ್ಳೆಯ ಗುಣ, ತಾನು ಪಟ್ಟ ಪಾಡನ್ನೆಲ್ಲ ಬರೆದಿಟ್ಟಿರುತ್ತದೆ. ನಿನ್ನೆಯದು, ಮೊನ್ನೆಯದು, ಆಚೆ ಮೊನ್ನೆಯದು, ಯಾವ ದಿನದ ದಾಖಲೆ ತೆಗೆದರೂ ಕೊನೆಯಲ್ಲಿ ಒಂದೇ ಹೆಸರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ಪ್ರೋಗ್ರಾಂ. ಗ್ರಂಥಪಾಲಕರ ಲಾಗಿನ್‌ನಲ್ಲಿ ಶುರುವಾಗುತ್ತಿತ್ತು. ಓದುವ ನಡುವೆಯೇ ಯಾರೋ ಹೆಡ್‌ಫೋನ್ ಕಿತ್ತಾಗ ಸಿಕ್ಕಿಕೊಂಡು, ಅವರು ಲಾಗೌಟ್ ಆದರೂ, ಜಪ್ಪಯ್ಯ ಎಂದರೂ ಜಾಗ ಬಿಡುತ್ತಿರಲಿಲ್ಲ.

"ಕಳ್ಳ ಸಿಕ್ಕಿದ ಸಾರ್. ನಿಮ್ಮ ಲಾಗಿನ್‌ನಲ್ಲಿ ಓದಿಹೇಳೋ ಪ್ರೋಗ್ರಾಂ ಒಂದಿದೆ. ತೆಗೆದುಹಾಕ್ತೀನಿ."

"ತೆಗೀಬೇಡ."

ಅವರು ಯಾವುದಕ್ಕೂ ಅಷ್ಟು ಬೇಗ ಉತ್ತರ ಕೊಟ್ಟವರಲ್ಲ. ಅವಳು ಕುರ್ಚಿ ತಿರುಗಿಸಿ ಕೂತಳು.

"ಕಣ್ಣು ಮಂಜಾಗ್ತಾ ಇತ್ತಮ್ಮ" ಎಂದರು ಅವರು, ಮೇಜನ್ನು ನೋಡುತ್ತ. "ಈಗ ಮೂರು ವಾರದಿಂದ ಅಕ್ಷರಾನೇ ಕಾಣಿಸಲ್ಲ. ಅದು ಓದುತ್ತೆ, ನಾನು ಸಹಿ ಹಾಕ್ತೀನಿ. ಯಾರಾದ್ರೂ ಬಂದ ಸದ್ದಾದ್ರೆ ಹೆಡ್‌ಫೋನ್ ತಂತಿ ಕಿತ್ತು ಡ್ರಾಯರಿಗೆ ಹಾಕ್ಕೋತೀನಿ."

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಸಿಟ್ಟು ಅದಕ್ಕಿಂತ ಮುಂದೆ ಓಡಿಬಂತು. "ನಾನಿಲ್ಲಿ ದಿನಾ ಒದ್ದಾಡ್ತಿದ್ದೀನಿ. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?"

"ಗ್ರಂಥಪಾಲಕನಿಗೆ ಓದಕ್ಕಾಗಲ್ಲ ಅಂತ ಗೊತ್ತಾದ್ರೆ ಇಟ್ಕೋತಾರೇನಮ್ಮ?"

"ನನ್ನ ಮಗಳನ್ನ ಇಟ್ಕೋತಾರಾ?"

ಅವಳು ಪ್ರೋಗ್ರಾಮನ್ನು ತೆಗೆಯಲಿಲ್ಲ. ಹಲ್ಲು ಕಚ್ಚಿಕೊಂಡು, ಅದೊಂದಕ್ಕೆ ಮಾತ್ರ ಐದು ಸೆಕೆಂಡಿನ ಗಡುವು ಬರೆದಳು. ಅಷ್ಟರಲ್ಲಿ ಏಳದಿದ್ದರೆ ಕತ್ತು ಹಿಡಿದು ಹೊರಗೆ. ಐದೂವರೆಗೆ ಕೊನೆಯ ಓದುಗ ಹೋದ ಕೂಡಲೇ ಶಟ್‌ಡೌನ್ ಒತ್ತಿದಳು. ಪರದೆ ಕಪ್ಪಾಯಿತು. ಅದೇ ಸಾಲು, ಅದೇ ಹತ್ತು ನಿಮಿಷ. ಹೊಸ ಗಡುವು ಇನ್ನೊಮ್ಮೆ ಆನ್ ಮಾಡಿದ ಮೇಲಷ್ಟೇ ಜಾರಿಗೆ ಬರುತ್ತದೆ ಎಂಬುದು ಆಗ ಹೊಳೆಯಿತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂಬತ್ತನೆಯ ನಿಮಿಷದಲ್ಲಿ, ಹಾಳಾದ ಬಸ್ಸು ಯಾವತ್ತೂ ಇಲ್ಲದ ಶಿಸ್ತಿನಿಂದ ಕಿಟಕಿಯಾಚೆ ಹಾದುಹೋಯಿತು.

"ಹೋಯ್ತು ಸಾರ್" ಎಂದಳು. "ಮೂರನೇ ಸಲ."

ಗ್ರಂಥಪಾಲಕರು ಎದ್ದು ನಿಂತರು. "ಆ ಮೇಡಂಗೆ ಫೋನ್ ಮಾಡಿ ನನ್ನ ಕೈಗೆ ಕೊಡು."

ಕೊಟ್ಟಳು. ತಾವು ಯಾರೆಂದು ಅವರು ಹೇಳಿಕೊಂಡರು. ಅವಳು ಇವತ್ತೂ ತಡವಾಗಿ ಬರುತ್ತಾಳೆ, ತಪ್ಪು ನನ್ನದು ಎಂದರು. ಅತ್ತ ಕಡೆಯ ದನಿ ಏನೋ ಕೇಳಿತು.

"ಕಾರಣಾನಾ? ಬರ್ಕೊಳ್ಳಿ."

"ಸಾರ್, ಬೇಡ" ಎಂದಳು ಅವಳು. ಮನಸ್ಸಿನಿಂದಲೇ ಎಂದಳು.

ಅವರು ಸುಮ್ಮನಿರು ಎನ್ನುವಂತೆ ಕೈಯೆತ್ತಿದರು. "ಗ್ರಂಥಪಾಲಕನಿಗೆ ಕಣ್ಣು ಕಾಣಿಸಲ್ಲ. ಹೌದು ಮೇಡಂ, ಹಾಗೇ ಬರೀರಿ. ಹಿಂದಿನ ಎರಡು ಸಲ ಏನೋ ಬರ್ದಿದ್ದೀರಲ್ಲ, ಅದನ್ನ ಹೊಡೆದು ಇದನ್ನೇ ಹಾಕಿ."